ಶಬ್ದದ ರೂಪವೂ ಅರ್ಥವೂ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮನುಷ್ಯರ ವಿಷಯದಲ್ಲಿ ಈ ಎಚ್ಚರಿಕೆಯನ್ನು ಅಷ್ಟಿಷ್ಟು ಪಾಲಿಸುತ್ತಲೂ ಇದ್ದೇವೆ. ಶಬ್ದಗಳ ವಿಷಯಕ್ಕೆ ಬಂದಾಗ ಮಾತ್ರ ಅದನ್ನು ಪೂರ್ತಿಯಾಗಿ ಮರೆತುಬಿಡುತ್ತೇವೆ. ಒಂದು ಭಾಷೆಯಲ್ಲಿ ಕಲಿತ ಶಬ್ದವನ್ನು ಇನ್ನೊಂದು ಭಾಷೆಯಲ್ಲಿ ಕಂಡ ಕೂಡಲೆ, ಪರವೂರಿನ ಜಾತ್ರೆಯಲ್ಲಿ ನಮ್ಮ ಊರಿನವನನ್ನು ಕಂಡಷ್ಟು ಸಂತೋಷವಾಗುತ್ತದೆ. ಹತ್ತಿರ ಹೋಗಿ ಮಾತನಾಡಿಸಿದ ಮೇಲೆ ತಾನೆ ಅವನು ಬೇರೆ ಯಾರೋ ಎಂಬುದು ತಿಳಿಯುವುದು! ಯೂರೋಪಿನ ಭಾಷೆಗಳನ್ನು ಕಲಿಯಹೊರಟವರಿಗೆ ಈ ಅನುಭವ ಹೆಜ್ಜೆಹೆಜ್ಜೆಗೂ ಆಗುತ್ತದೆ. ೧೯೨೮ರಲ್ಲಿ ಕೆಸ್ಲರ್ ಮತ್ತು ದೆರೊಕಿನ್ಯಿ ಎಂಬ ಇಬ್ಬರು ವಿದ್ವಾಂಸರು ಇಂಥ ಶಬ್ದಗಳನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಒಂದು ಪುಸ್ತಕವನ್ನೇ ಬರೆದು, ಇವನ್ನು 'ಹುಸಿ ಗೆಳೆಯರು' ಎಂದು ಕರೆದರು. ಅಂದಿನಿಂದ ಆ ಹೆಸರೇ ನಿಂತಿದೆ.

ಹೆಸರೇನೋ ಸೊಗಸಾಗಿದೆ. ಆದರೂ ಅದನ್ನು ಕುರಿತು ನನ್ನದೊಂದು ತಕರಾರಿದೆ. ಗೆಳೆಯನನ್ನು ಹುಸಿಯೆನ್ನಬೇಕಾದರೆ ಅವನು ನಮಗೆ ಮಾತು ಕೊಟ್ಟು ತಪ್ಪಿರಬೇಕು. ಈ ಶಬ್ದಗಳಾದರೋ ನಮಗೆ ಯಾವ ಮಾತನ್ನೂ ಕೊಟ್ಟಿಲ್ಲ. ಅವು ತಮ್ಮ ತಮ್ಮ ಮನೆಯಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡಿಕೊಂಡಿವೆ. ಹುಸಿಯಾದದ್ದು ರೂಪ ಒಂದಾದರೆ ಅರ್ಥವೂ ಒಂದೇ ಎಂಬ ನಮ್ಮ ನಂಬಿಕೆ. ಶಬ್ದದ ಅರ್ಥವು ಅದರ ರೂಪದಲ್ಲಿಯೂ ಇಲ್ಲ, ಅದರ ಮೂಲದಲ್ಲಿಯೂ ಇಲ್ಲ. ಅದನ್ನು ಆಡುವ ಜನರ ಬಳಕೆಯಲ್ಲಿದೆ. ಇದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು. ನಾನು ಭಾಷಾಶಾಸ್ತ್ರದ ಪಂಡಿತನಲ್ಲ; ನಿಘಂಟುಗಳ ಪುಟ ತಿರುವುವ ಚಟವುಳ್ಳವನು, ಅಷ್ಟೆ. ಆದರೆ ಇದು ಪಂಡಿತರಿಗೆ ಮಾತ್ರ ಸೇರಿದ ವಿಚಾರವಲ್ಲ. ವಿದ್ಯಾರ್ಥಿಯ ಪದವಿಗೂ ರಾಜ್ಯಗಳ ಬೊಕ್ಕಸಕ್ಕೂ ಒಮ್ಮೊಮ್ಮೆ ಮನುಷ್ಯನ ಪ್ರಾಣಕ್ಕೂ ತಟ್ಟುವ ವಿಚಾರವೆಂಬುದನ್ನು ಮುಂದೆ ತೋರಿಸುತ್ತೇನೆ.

ಇಂಥ ಶಬ್ದಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯವು ಕೇವಲ ಕಾಕತಾಳೀಯವಾಗಿ ಒಂದೇ ರೂಪವನ್ನು ತಳೆದವು. ಇಟಲಿಯಲ್ಲಿ 'ಬುರ್ರೊ' ಎಂದರೆ ಬೆಣ್ಣೆ; ಸ್ಪೇನಿನಲ್ಲಿ ಕತ್ತೆ. ಬೆಣ್ಣೆಗೂ ಕತ್ತೆಗೂ ಏನು ನಂಟು? ಏನೂ ಇಲ್ಲ. ಮೊದಲನೆಯದು ಬೆಣ್ಣೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದಲೂ ಎರಡನೆಯದು ಸಣ್ಣ ಕುದುರೆಯೆಂಬ ಅರ್ಥದ ಇನ್ನೊಂದು ಶಬ್ದದಿಂದಲೂ ಸವೆದು ಸವೆದು ಒಂದೇ ರೂಪಕ್ಕೆ ಬಂದು ನಿಂತಿವೆ. ಹಾಗೆಯೇ ಜರ್ಮನರು ತಣ್ಣಗಿರುವುದನ್ನು 'ಕಾಲ್ಟ್' ಎನ್ನುತ್ತಾರೆ, ಇಂಗ್ಲಿಷರು 'ಕೋಲ್ಡ್' ಎನ್ನುತ್ತಾರೆ. ಇಟಲಿಯವರ 'ಕಾಲ್ದೊ' ಮಾತ್ರ ಬಿಸಿ. ಸ್ನಾನದ ಮನೆಯ ನಲ್ಲಿಯ ಮೇಲೆ 'ಸಿ' ಅಕ್ಷರವನ್ನು ಕಂಡು, ಇದು ತಣ್ಣೀರಿನದೆಂದು ತಿರುಗಿಸಿದ ಆಂಗ್ಲ ಪ್ರವಾಸಿಗೆ ವ್ಯಾಕರಣದ ಪಾಠ ಚರ್ಮದ ಮೂಲಕವೇ ಆದೀತು.

ಎರಡನೆಯ ಬಗೆ ಹೆಚ್ಚು ಸ್ವಾರಸ್ಯವಾದದ್ದು. ಇವು ಒಂದೇ ತಾಯಿಯ ಮಕ್ಕಳಾಗಿದ್ದು ಬೇರೆ ಬೇರೆ ಮನೆಗಳಲ್ಲಿ ಬೆಳೆದ ಶಬ್ದಗಳು. 'ಗಿಫ್ಟ್' ಎಂಬುದನ್ನು ನೋಡಿ. ಇಂಗ್ಲಿಷಿನಲ್ಲಿ ಇದು ಉಡುಗೊರೆ, ಜರ್ಮನಿನಲ್ಲಿ ವಿಷ! ಎರಡೂ 'ಕೊಡು' ಎಂಬ ಒಂದೇ ಧಾತುವಿನಿಂದ ಹುಟ್ಟಿವೆ. ಹಳೆಯ ಜರ್ಮನಿನಲ್ಲಿಯೂ ಗಿಫ್ಟ್ ಎಂದರೆ ಕೊಡುಗೆಯೇ ಆಗಿತ್ತು. ಆದರೆ ಕೊಡುವುದರಲ್ಲಿ ಔಷಧವನ್ನು ಕೊಡುವುದೂ ಉಂಟು. ವೈದ್ಯರು ಅಳೆದು ಕೊಡುವ ಪ್ರಮಾಣಕ್ಕೆ ಗ್ರೀಕರು 'ದೋಸಿಸ್' ಎಂದರು. ಅದರ ಅರ್ಥವೂ ಕೊಡುವಿಕೆಯೆಂದೇ. ಇಂದು ನಾವು 'ಡೋಸ್' ಎನ್ನುವುದು ಅದನ್ನೇ. ಅದರ ಮಾದರಿಯಲ್ಲಿ ಜರ್ಮನರೂ ಕುಡಿಸಿದ್ದಕ್ಕೆ 'ಕೊಟ್ಟದ್ದು' ಎಂದರು. ಕೆಟ್ಟ ವಸ್ತುವಿನ ಹೆಸರನ್ನು ನೇರವಾಗಿ ಹೇಳಲು ಅಳುಕಿ ಹಾಗೆಂದದ್ದು ಕಡೆಗೆ ವಿಷದ ಹೆಸರೇ ಆಗಿಹೋಯಿತು. ಹಾವನ್ನು ಹುಳುವೆನ್ನುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಹಳೆಯ ಅರ್ಥವು ಜರ್ಮನಿನಲ್ಲಿ 'ಮಿಟ್‌ಗಿಫ್ಟ್', ಎಂದರೆ ಮದುಮಗಳ ಜೊತೆಯಲ್ಲಿ ಕೊಟ್ಟದ್ದು, ಎಂಬ ಶಬ್ದದಲ್ಲಿ ಇನ್ನೂ ಉಳಿದುಕೊಂಡಿದೆ. ಇನ್ನು ಸ್ವೀಡನ್, ಡೆನ್ಮಾರ್ಕ್, ನಾರ್ವೆ ದೇಶಗಳಲ್ಲಿ ಗಿಫ್ಟ್ ಎಂದರೆ ವಿಷವೂ ಹೌದು, ಮದುವೆಯಾದವರೂ ಹೌದು! ಹಾಸ್ಯಗಾರರಿಗೆ ಇದರಿಂದ ಒಳ್ಳೆಯ ಸರಕು ಸಿಕ್ಕಿದೆ. ಆದರೆ 'ಮಗಳನ್ನು ಇಂಥ ಊರಿಗೆ ಕೊಟ್ಟಿದ್ದೇವೆ' ಎಂದು ಹೇಳುವ ನಮ್ಮ ಹಿರಿಯರು ಆ ಎರಡನೆಯ ಅರ್ಥವನ್ನು ಕೇಳಿ ಆಶ್ಚರ್ಯಪಡಲಾರರು.

'ಲಾರ್ಗಸ್' ಎಂಬ ಲ್ಯಾಟಿನ್ ಶಬ್ದಕ್ಕೆ ಹೇರಳವಾದದ್ದು, ಉದಾರವಾದದ್ದು ಎಂದು ಅರ್ಥ. ಅದರ ಮಕ್ಕಳಲ್ಲಿ ಇಂಗ್ಲಿಷಿನ 'ಲಾರ್ಜ್' ದೊಡ್ಡದಾಯಿತು. ಫ್ರೆಂಚಿನ 'ಲಾರ್ಜ್', ಇಟಲಿಯ 'ಲಾರ್ಗೊ' ಅಗಲವಾದವು. ಸ್ಪೇನಿನ 'ಲಾರ್ಗೊ' ಉದ್ದವಾಯಿತು. ಅದೇ ಲಾರ್ಗೊ ಪಾಶ್ಚಾತ್ಯ ಸಂಗೀತಗಾರರ ಕೈಗೆ ಸಿಕ್ಕಿ ವಿಳಂಬ ಗತಿಯಾಯಿತು. ಬಟ್ಟೆ ಅಳೆಯುವ ಅಂಗಡಿಯಲ್ಲಿ ಇಟಲಿಯವನೂ ಸ್ಪೇನಿನವನೂ ಎದುರುಬದುರು ಕುಳಿತರೆ, ಒಬ್ಬನ ಉದ್ದ ಇನ್ನೊಬ್ಬನಿಗೆ ಪನ್ನವಾಗುವುದರಲ್ಲಿ ಸಂದೇಹವಿಲ್ಲ.

ಶಬ್ದಗಳಿಗೂ ಏಳುಬೀಳುಗಳುಂಟು. ಹಿಂದೆ ಹುಡುಗ, ಸೇವಕ ಎಂಬ ಅರ್ಥದಲ್ಲಿದ್ದ ಒಂದು ಶಬ್ದವು ಇಂಗ್ಲೆಂಡಿನಲ್ಲಿ ಕುದುರೆಯೇರಿ 'ನೈಟ್' ಎಂಬ ವೀರಯೋಧನಾಯಿತು. ಜರ್ಮನಿಯಲ್ಲಿ ಅದೇ ಶಬ್ದ 'ಕ್ನೆಖ್ಟ್' ಎಂಬ ಆಳಾಗಿಯೇ ಉಳಿಯಿತು. ಹುಡುಗನೆಂಬ ಅರ್ಥದ ಇನ್ನೊಂದು ಶಬ್ದಕ್ಕೆ ಇದರ ವಿರುದ್ಧವಾದ ಗತಿಯೊದಗಿತು: ಜರ್ಮನಿನ 'ಕ್ನಾಬೆ' ಇಂದಿಗೂ ಮುಗ್ಧ ಬಾಲಕನೇ, ಇಂಗ್ಲಿಷಿನ 'ನೇವ್' ಮಾತ್ರ ಠಕ್ಕನಾಗಿದ್ದಾನೆ. ಜರ್ಮನಿನ 'ಜೇಲಿಗ್' ಎಂದರೆ ಧನ್ಯ, ಪುಣ್ಯವಂತ. ಅದರ ಒಡಹುಟ್ಟಾದ ಇಂಗ್ಲಿಷಿನ 'ಸಿಲ್ಲಿ' ಎಂದರೆ ಪೆದ್ದ. ಪುಣ್ಯವಂತನು ನಿರುಪದ್ರವಿಯಾಗಿ, ನಿರುಪದ್ರವಿಯು ಪಾಪದವನಾಗಿ, ಪಾಪದವನು ಪೆದ್ದನಾಗಿ ಇಳಿದುಬಂದ ಮೆಟ್ಟಿಲುಗಳನ್ನು ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ಒಂದೊಂದಾಗಿ ಗುರುತಿಸಬಹುದು.

ಪೂರ್ವ ಯೂರೋಪಿನ ಸ್ಲಾವ್ ಭಾಷೆಗಳು ಒಂದಕ್ಕೊಂದು ತೀರ ಹತ್ತಿರದವು; ಆದ್ದರಿಂದ ಅಲ್ಲಿ ಅಪಾಯವೂ ಹೆಚ್ಚು. 'ಚೆರ್ಸ್ತ್ವಿ' ರೊಟ್ಟಿ ಚೆಕ್ಕರಿಗೆ ಆಗ ತಾನೆ ಬೇಯಿಸಿದ್ದು, ನೆರೆಯ ಪೋಲರಿಗೆ ಹಳಸಿ ಗಟ್ಟಿಯಾದದ್ದು. ಚೆಕ್ ಭಾಷೆಯ 'ಊಝಾಸ್ನಿ' ಎಂದರೆ ಅದ್ಭುತ. ರಷ್ಯನ್ ಭಾಷೆಯಲ್ಲಿ ಹೆಚ್ಚು ಕಡಮೆ ಅದೇ ಶಬ್ದಕ್ಕೆ ಘೋರವೆಂದು ಅರ್ಥ. ಪೋಲಿಷಿನಲ್ಲಿ ಮರೆಯುವುದಕ್ಕೆ ಯಾವ ಶಬ್ದವೋ, ರಷ್ಯನಿನಲ್ಲಿ ನೆನಪಿಟ್ಟುಕೊಳ್ಳುವುದಕ್ಕೆ ಅದೇ ಶಬ್ದ! ಪ್ರಾಗ್ ನಗರದ ಬೀದಿಗಳಲ್ಲಿ 'ಪೊಜೊರ್' ಎಂದು ಬರೆದ ಫಲಕಗಳಿರುತ್ತವೆ. ಚೆಕ್ಕರಿಗೆ ಅದು 'ಜೋಕೆ' ಎಂಬ ಎಚ್ಚರಿಕೆ. ರಷ್ಯದವರು ಓದಿದರೆ 'ನಾಚಿಕೆಗೇಡು' ಎಂದಾಗುತ್ತದೆ. ನೋಡುವುದೆಂಬ ಧಾತುವೇ ಎರಡಕ್ಕೂ ಮೂಲ. ಒಂದು ಕಡೆ 'ನೋಡಿಕೊಂಡು ನಡೆ' ಎಂಬುದು ಉಳಿಯಿತು, ಇನ್ನೊಂದು ಕಡೆ 'ನಾಲ್ಕು ಜನ ನೋಡುವಂತಾಯಿತಲ್ಲ' ಎಂಬುದು. ಎರಡನ್ನೂ ಕನ್ನಡದಲ್ಲಿ ಹೇಳಿದಾಗ ಅವುಗಳ ಸಂಬಂಧ ಎಷ್ಟು ಸಹಜವಾಗಿ ಕಾಣುತ್ತದೆಂಬುದನ್ನು ಗಮನಿಸಿ.

ಮೂರನೆಯ ಬಗೆ ಸಾಲದ ಶಬ್ದಗಳದು. ಗ್ರೀಕ್ ಲ್ಯಾಟಿನ್‌ಗಳೆಂಬ ಹಗೇವಿನಿಂದ ಎಲ್ಲರೂ ಒಂದೇ ಕಾಳನ್ನು ತಂದರು. ಆದರೆ ಒಬ್ಬೊಬ್ಬರು ಒಂದೊಂದು ಅಡಿಗೆ ಮಾಡಿಕೊಂಡರು. ವಿದ್ಯಾರ್ಥಿಗಳಾದ ನಮಗೆ ಹತ್ತಿರವಾದ ನಿದರ್ಶನವನ್ನೇ ತೆಗೆದುಕೊಳ್ಳೋಣ. ಗ್ರೀಕರ 'ಗಿಮ್ನಾಸಿಯೊನ್' ತರುಣರು ಅಂಗಸಾಧನೆ ಮಾಡುತ್ತಿದ್ದ ಬಯಲು. ಅಲ್ಲಿಗೆ ತತ್ವಜ್ಞಾನಿಗಳೂ ಬಂದು ಪಾಠ ಹೇಳುತ್ತಿದ್ದರು. ಪ್ಲೇಟೋವಿನ ಅಕಾಡೆಮಿ, ಅರಿಸ್ಟಾಟಲನ ಲೈಸಿಯಮ್ ಎರಡೂ ಅಥೆನ್ಸಿನ ಇಂಥ ಸ್ಥಳಗಳ ಹೆಸರುಗಳೇ. ಮುಂದೆ ಇಂಗ್ಲಿಷರು ಆ ಶಬ್ದದಿಂದ ಅಂಗಸಾಧನೆಯನ್ನು ಎತ್ತಿಕೊಂಡರು, ಜರ್ಮನರು ಪಾಠವನ್ನು ಎತ್ತಿಕೊಂಡರು. ಆದುದರಿಂದಲೇ ಜರ್ಮನಿಯಲ್ಲಿ 'ಗಿಮ್ನಾಸಿಯುಮ್' ಎಂದರೆ ವಿಶ್ವವಿದ್ಯಾಲಯಕ್ಕೆ ಹುಡುಗರನ್ನು ಅಣಿಮಾಡುವ ಪ್ರೌಢಶಾಲೆ. ಇನ್ನು ಅಲ್ಲಿಯ 'ಹೋಖ್‌ಶೂಲೆ' ಎಂಬುದನ್ನು ಬಿಡಿಸಿ ನೋಡಿದರೆ 'ಹೈಸ್ಕೂಲ್' ಎಂದೇ ಆಗುತ್ತದೆ. ನಿಜವಾಗಿ ಅದು ವಿಶ್ವವಿದ್ಯಾಲಯದ ಮಟ್ಟದ ಸಂಸ್ಥೆ. ಅಲ್ಲಿ ಓದಿ ಬಂದ ಎಂಜಿನಿಯರನನ್ನು ಹೈಸ್ಕೂಲಿನವನೆಂದರೆ ಹೇಗಿದ್ದೀತು?

'ಕಾಲೇಜು' ಎಂಬ ಶಬ್ದದ ಕಥೆಯೂ ಇದೇ. ಲ್ಯಾಟಿನಿನಲ್ಲಿ ಅದು ಒಂದು ಕಟ್ಟಳೆಗೆ ಒಳಪಟ್ಟ ಸಮಾನರ ಸಂಘ. ಆಕ್ಸ್‌ಫರ್ಡಿನಲ್ಲಿ ಅದು ವಿಶ್ವವಿದ್ಯಾಲಯದ ಒಂದು ಅಂಗ. ಈಟನ್ ಕಾಲೇಜು ೧೪೪೦ರಿಂದಲೂ ಒಂದು ಶಾಲೆ. ಫ್ರಾನ್ಸಿನಲ್ಲಿ 'ಕೊಲೇಜ್' ಎಂದರೆ ಸುಮಾರು ಹನ್ನೊಂದರಿಂದ ಹದಿನೈದು ವಯಸ್ಸಿನ ಮಕ್ಕಳು ಓದುವ ಶಾಲೆ. ಆದರೆ ಅದೇ ದೇಶದಲ್ಲಿ ೧೫೩೦ರಲ್ಲಿ ಸ್ಥಾಪಿತವಾದ 'ಕೊಲೇಜ್ ದ ಫ್ರಾನ್ಸ್' ಉದ್ದಾಮ ವಿದ್ವಾಂಸರು ಸಾರ್ವಜನಿಕರಿಗೆ ಉಪನ್ಯಾಸ ಕೊಡುವ ಪೀಠ; ಅದು ಯಾರಿಗೂ ಪದವಿ ಕೊಡುವುದಿಲ್ಲ. ೧೮೦೮ರಲ್ಲಿ ನೆಪೋಲಿಯನ್ನನು ಏರ್ಪಡಿಸಿದ 'ಬಾಕಲೋರೆಯಾ' ಫ್ರಾನ್ಸಿನಲ್ಲಿ ಶಾಲೆಯನ್ನು ಮುಗಿಸುವ ಪರೀಕ್ಷೆ. ಅದರ ದಾಯಾದಿಯಾದ 'ಬ್ಯಾಚಲರ್' ಇಂಗ್ಲಿಷರಲ್ಲಿ, ಅವರಿಂದ ಪಡೆದ ನಮ್ಮಲ್ಲಿ, ಕಾಲೇಜನ್ನು ಮುಗಿಸಿದವರ ಪದವಿ. ಹೀಗಿರಲು ಒಂದು ದೇಶದ ಪದವಿಪತ್ರವನ್ನು ಇನ್ನೊಂದು ದೇಶದವರು ಹೇಗೆ ಬೆಲೆಕಟ್ಟಬೇಕು? ಈ ತೊಡಕು ಎಷ್ಟು ಬೆಳೆಯಿತೆಂದರೆ ೧೯೯೯ರಲ್ಲಿ ೨೯ ದೇಶಗಳ ವಿದ್ಯಾಮಂತ್ರಿಗಳು ಇಟಲಿಯ ಬೊಲೊನ್ಯದಲ್ಲಿ ಸೇರಿ, ಎಲ್ಲರಿಗೂ ಹೋಲಿಸಿ ನೋಡಲು ಬರುವಂಥ ಪದವಿಗಳ ಮೆಟ್ಟಿಲುಗಳನ್ನು ಕಟ್ಟೋಣವೆಂದು ಸಹಿ ಮಾಡಿದರು. ಶಬ್ದ ಒಂದಿದ್ದರೆ ಸಾಲದು, ಅರ್ಥವನ್ನು ಕೂತು ಮಾತನಾಡಿ ಒಂದುಮಾಡಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ವಿದ್ಯೆಯಿಂದ ಹಣಕ್ಕೆ ಬರೋಣ. ೧೪೮೪ರಲ್ಲಿ ನಿಕೊಲಾ ಶುಕೆ ಎಂಬ ಫ್ರೆಂಚ್ ಗಣಿತಜ್ಞನು ಹತ್ತು ಲಕ್ಷದ ಹತ್ತು ಲಕ್ಷದಷ್ಟನ್ನು, ಎಂದರೆ ಒಂದು ಲಕ್ಷ ಕೋಟಿಯನ್ನು, 'ಬಿಲಿಯನ್' ಎಂದು ಬರೆದನು. ಮುಂದೆ ಫ್ರಾನ್ಸಿನಲ್ಲಿಯೇ ಅದರ ಬೆಲೆ ಇಳಿದು ನೂರು ಕೋಟಿಯಾಯಿತು. ಅಮೆರಿಕದವರು ಆ ಲೆಕ್ಕವನ್ನು ಹಿಡಿದರು. ಇಂಗ್ಲೆಂಡು ಹಳೆಯದನ್ನೇ ಉಳಿಸಿಕೊಂಡಿತು. ೧೯೬೧ರಲ್ಲಿ ಫ್ರಾನ್ಸ್ ಸರಕಾರ ತನ್ನ ಹಳೆಯ ಲಕ್ಷ ಕೋಟಿಗೆ ಹಿಂದಿರುಗಿತು. ೧೯೭೪ರಲ್ಲಿ ಬ್ರಿಟಿಷ್ ಸರಕಾರ ಅಮೆರಿಕದ ನೂರು ಕೋಟಿಗೆ ಬದಲಾಯಿಸಿತು. ಇಬ್ಬರೂ ತಮ್ಮ ಜಾಗಗಳನ್ನು ಅದಲುಬದಲು ಮಾಡಿಕೊಂಡಂತಾಯಿತು! ಇಂದು ಇಂಗ್ಲಿಷ್ ಪತ್ರಿಕೆಯ ಬಿಲಿಯನ್ ನೂರು ಕೋಟಿ; ಫ್ರೆಂಚ್, ಜರ್ಮನ್ ಪತ್ರಿಕೆಗಳ ಬಿಲಿಯನ್ ಲಕ್ಷ ಕೋಟಿ. ಕಣ್ತಪ್ಪಿ ಒಂದನ್ನು ಇನ್ನೊಂದೆಂದು ಬರೆದ ಗುಮಾಸ್ತೆ ಒಂದೇ ಶಬ್ದದಿಂದ ಸಾಲವನ್ನು ಸಾವಿರ ಪಟ್ಟು ಏರಿಸಬಲ್ಲ.

ಯೂರೋಪಿಯನ್ ಒಕ್ಕೂಟಕ್ಕೆ ಇಂದು ೨೪ ಅಧಿಕೃತ ಭಾಷೆಗಳಿವೆ. ಅದರ ಕಚೇರಿಗಳಲ್ಲಿ ಇಂಗ್ಲಿಷನ್ನು ಬರೆಯುವವರಲ್ಲಿ ಬಹುಮಂದಿ ಬೇರೆ ಭಾಷೆಗಳಲ್ಲಿ ಹುಟ್ಟಿ ಬೆಳೆದವರು. ಆದಕಾರಣ ಅವರ ಇಂಗ್ಲಿಷಿನೊಳಗೆ ಫ್ರೆಂಚ್ ಜರ್ಮನ್ ಅರ್ಥಗಳು ಸದ್ದಿಲ್ಲದೆ ನುಸುಳಿ ಕುಳಿತಿವೆ. ಒಕ್ಕೂಟದ ಲೆಕ್ಕಪರಿಶೋಧನ ಸಂಸ್ಥೆಯ ಭಾಷಾಂತರಕಾರರೊಬ್ಬರು ಇಂಥ ಶಬ್ದಗಳ ಪಟ್ಟಿಯನ್ನೇ ಮಾಡಿದ್ದು, ಅದು ೨೦೧೩ರಲ್ಲಿ ಹೊರಬಂದಿತು. 'ಕಂಟ್ರೋಲ್' ಎಂಬುದು ಅವುಗಳಲ್ಲೊಂದು. ಇದರ ಮೂಲ ಹಳೆಯ ಫ್ರೆಂಚಿನಲ್ಲಿ ಲೆಕ್ಕವನ್ನು ತಾಳೆ ನೋಡಲು ಇಟ್ಟುಕೊಂಡಿದ್ದ ಪ್ರತಿಯ ಸುರುಳಿ. ಫ್ರೆಂಚರಲ್ಲಿ ಇಂದಿಗೂ ಅದು ಮುಖ್ಯವಾಗಿ ತಪಾಸಣೆ. ರೈಲಿನಲ್ಲಿ ಟಿಕೆಟ್ ನೋಡುವವನು ಅಲ್ಲಿ 'ಕೊಂತ್ರೊಲರ್'. ಇಂಗ್ಲಿಷರಲ್ಲಿ ಅದು ಹಿಡಿತ, ಅಧಿಕಾರ. 'ಈ ಸಂಸ್ಥೆಯನ್ನು ನಾವು ಕಂಟ್ರೋಲ್ ಮಾಡುತ್ತೇವೆ' ಎಂದು ಬರೆದರೆ, ಬರೆದವನ ಮನಸ್ಸಿನಲ್ಲಿದ್ದದ್ದು ಲೆಕ್ಕ ನೋಡುವುದು. ಓದಿದವನಿಗೆ ತೋರುವುದು ಆಳುವುದು. 'ಇವೆಂಚುಯಲ್' ಎಂಬುದೂ ಹಾಗೆಯೇ. ಇಂಗ್ಲಿಷಿನಲ್ಲಿ ಕಟ್ಟಕಡೆಗೆ ಆಗಿಯೇ ಆಗುವುದು. ಫ್ರೆಂಚ್ ಜರ್ಮನ್‌ಗಳಲ್ಲಿ ಆದರೆ ಆಗಬಹುದಾದದ್ದು. ಒಂದು ಕರಾರುಪತ್ರದಲ್ಲಿ 'ಕೊಟ್ಟೇ ಕೊಡುತ್ತೇನೆ' ಎಂಬುದಕ್ಕೂ 'ಕೊಟ್ಟರೂ ಕೊಡಬಹುದು' ಎಂಬುದಕ್ಕೂ ಎಷ್ಟು ಅಂತರ!

ಇಷ್ಟಾದರೂ ಇದೆಲ್ಲ ನಗೆಯ ಅಥವಾ ನಷ್ಟದ ಮಾತೆನ್ನಬಹುದು. ಕಡೆಯ ಉದಾಹರಣೆ ಹಾಗಲ್ಲ. ಯೂರೋಪಿನ ಭಾಷೆಗಳು ಸಮುದ್ರವನ್ನು ದಾಟಿ ಅಮೆರಿಕಕ್ಕೆ ಹೋದಾಗ ಈ ತೊಡಕನ್ನೂ ಜೊತೆಯಲ್ಲಿ ಒಯ್ದವು. ೧೯೮೦ರಲ್ಲಿ ಅಮೆರಿಕದ ಫ್ಲಾರಿಡದಲ್ಲಿ, ಕ್ಯೂಬಾ ಮೂಲದ ಒಂದು ಸ್ಪ್ಯಾನಿಷ್ ಸಂಸಾರದ ೧೮ ವಯಸ್ಸಿನ ಹುಡುಗನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಏನೋ ತಿಂದದ್ದು ಮೈಗೆ ಆಗದೆ ಹೀಗಾಗಿದೆಯೆಂದು ಭಾವಿಸಿದ ಮನೆಯವರು 'ಇಂತೊಕ್ಸಿಕಾದೊ' ಎಂದರು. ಅವರ ಭಾಷೆಯಲ್ಲಿ ಆ ಶಬ್ದಕ್ಕೆ ಇರುವ ಅರ್ಥ ಅದೇ. ಅದು ಇಂಗ್ಲಿಷಿನ 'ಇಂಟಾಕ್ಸಿಕೇಟೆಡ್' ಎಂದು, ಎಂದರೆ ಅಮಲೇರಿದವನೆಂದು, ವೈದ್ಯರಿಗೆ ತಲಪಿತು. ಮಾದಕವಸ್ತುವನ್ನು ಅತಿಯಾಗಿ ಸೇವಿಸಿದವನೆಂದು ತಿಳಿದು ಅವನಿಗೆ ಆ ಚಿಕಿತ್ಸೆಯನ್ನೇ ನಡೆಸಿದರು. ವಾಸ್ತವವಾಗಿ ಅವನ ಮಿದುಳಿನಲ್ಲಿ ರಕ್ತ ಸೋರುತ್ತಿತ್ತು. ಅದು ಗೊತ್ತಾಗುವ ವೇಳೆಗೆ ಕಾಲ ಮೀರಿತ್ತು; ಹುಡುಗನ ಕೈಕಾಲುಗಳೆಲ್ಲ ಸ್ವಾಧೀನ ತಪ್ಪಿದವು. ಅವನ ಜೀವಮಾನಕ್ಕೆಂದು ಒಪ್ಪಿಕೊಂಡ ಪರಿಹಾರದ ಮೊತ್ತ ಸುಮಾರು ೭ ಕೋಟಿ ಡಾಲರು. ಹಣವೇನೋ ದೊಡ್ಡದು, ಕಾಲನ್ನು ಅದು ಹಿಂದಕ್ಕೆ ಕೊಡಲಾರದು. ಅಲ್ಲಿ ಸ್ಪ್ಯಾನಿಷನ್ನು ಬಲ್ಲ ಒಬ್ಬ ನುರಿತ ದುಭಾಷಿ ಇದ್ದಿದ್ದರೆ, 'ಏನು ತಿಂದ? ಯಾವಾಗ ತಿಂದ?' ಎಂಬ ಎರಡು ಪ್ರಶ್ನೆಗಳನ್ನಾದರೂ ಕೇಳುತ್ತಿದ್ದನು.

ಇಷ್ಟು ಕೇಳಿದ ಮೇಲೆ ಕೆಲವು ಮಹನೀಯರು ಒಂದು ಪರಿಹಾರವನ್ನು ಸೂಚಿಸುವುದುಂಟು: 'ಮೂಲಕ್ಕೆ ಹೋಗಿ, ಧಾತುವಿನ ಅರ್ಥವೇ ನಿಜವಾದ ಅರ್ಥ, ಉಳಿದದ್ದು ಅಪಭ್ರಂಶ.' ನಾನು ಇದನ್ನು ಸುತರಾಂ ಒಪ್ಪಲಾರೆ. ಮೂಲವು ಶಬ್ದದ ಚರಿತ್ರೆಯನ್ನು ಹೇಳುತ್ತದೆ, ನಿಜ. ಶಬ್ದದ ಮೇಲೆ ಅದಕ್ಕೆ ಯಜಮಾನಿಕೆಯಿಲ್ಲ. ಮೂಲಾರ್ಥವೇ ಪ್ರಮಾಣವೆಂದಾದರೆ ಜರ್ಮನನ ವಿಷದ ಸೀಸೆಯನ್ನು ಉಡುಗೊರೆಯೆಂದು ಸ್ವೀಕರಿಸಬೇಕು. ಯೋಗಾರ್ಥಕ್ಕಿಂತ ರೂಢಾರ್ಥವೇ ಬಲವಾದದ್ದೆಂದು ನಮ್ಮ ಶಾಸ್ತ್ರಕಾರರು ಬಹು ಹಿಂದೆಯೇ ತೀರ್ಮಾನಿಸಿದ್ದಾರೆ. ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದ್ದು. ಆದರೆ ಕೆಸರಿನಲ್ಲಿ ಹುಟ್ಟಿದ ಕಪ್ಪೆಯನ್ನು ಯಾರೂ ಪಂಕಜವೆನ್ನರು.

ನಮ್ಮಲ್ಲಿಯೂ ಈ ವಾದಕ್ಕೆ ಕೊರತೆಯಿಲ್ಲ. ಯೂರೋಪಿನವರಿಗೆ ಲ್ಯಾಟಿನ್ ಹೇಗೋ ನಮಗೆ ಸಂಸ್ಕೃತ ಹಾಗೆ. ಕನ್ನಡದ ಉಪನ್ಯಾಸ ಹಿಂದಿಯಲ್ಲಿ ಕಾದಂಬರಿ. ಕನ್ನಡದ ಶಿಕ್ಷೆ ಹಿಂದಿಯಲ್ಲಿ ವಿದ್ಯಾಭ್ಯಾಸ. ಕನ್ನಡದ ಅವಸರ ಹಿಂದಿಯಲ್ಲಿ ಅವಕಾಶ, ತೆಲುಗಿನಲ್ಲಿ ಅಗತ್ಯ. ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪೆಂದು ಜಗಳವಾಡುವುದು ವ್ಯರ್ಥ. ಎಲ್ಲವೂ ಸರಿಯೇ, ತಂತಮ್ಮ ಮನೆಯಲ್ಲಿ. ಕನ್ನಡಿಗನ ಪ್ರಯೋಗವನ್ನು ತಿದ್ದಲು ಹಿಂದಿಯವನಿಗೆ ಅಧಿಕಾರವಿಲ್ಲ; ಹಿಂದಿಯವನನ್ನು ನೋಡಿ ನಗಲು ನಮಗೂ ಇಲ್ಲ.

ಹಾಗೆಂದು ಹೋಲಿಕೆಗಳನ್ನೆಲ್ಲ ತಳ್ಳಿಹಾಕಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಇಂಗ್ಲಿಷನ್ನು ಬಲ್ಲವನಿಗೆ ಫ್ರೆಂಚಿನ ಸಾವಿರಾರು ಶಬ್ದಗಳು ಅನಾಯಾಸವಾಗಿ ದಕ್ಕುತ್ತವೆ; ಆ ಲಾಭವನ್ನು ಬಿಡಬಾರದು. ಹೋಲಿಕೆಯು ಬಾಗಿಲನ್ನು ತೋರಿಸಲಿ; ಒಳಗೆ ಯಾರಿದ್ದಾರೆಂಬುದನ್ನು ನಾವೇ ವಿಚಾರಿಸಿಕೊಳ್ಳಬೇಕು. ನಮಗೆ ಯೂರೋಪು ಕಾಣುವುದು ಇಂಗ್ಲಿಷಿನ ಕಿಟಕಿಯೊಂದರಿಂದಲೇ. ಅದರಿಂದಾಗಿ ಇಂಗ್ಲಿಷಿನ ಅರ್ಥವೇ ಯೂರೋಪಿನ ಅರ್ಥವೆಂಬ ಭ್ರಮೆ ನಮ್ಮಲ್ಲಿ ಸುಲಭವಾಗಿ ಬೇರೂರುತ್ತದೆ. ಇಂದು ನಮ್ಮ ತರುಣರು ಓದಿಗೂ ಉದ್ಯೋಗಕ್ಕೂ ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳಿಗೆ ಹೋಗುತ್ತಿದ್ದಾರೆ. ಅವರಿಗೆ ನನ್ನ ವಿನಂತಿ ಇಷ್ಟೆ: ಶಬ್ದವನ್ನು ಪಟ್ಟಿಯಿಂದ ಕಲಿಯಬೇಡಿ, ವಾಕ್ಯದಿಂದ ಕಲಿಯಿರಿ, ಗುರುತಿಲ್ಲದ ಶಬ್ದಕ್ಕಿಂತ ಗುರುತಿದ್ದಂತೆ ತೋರುವ ಶಬ್ದಕ್ಕಾಗಿಯೇ ಮೊದಲು ನಿಘಂಟನ್ನು ತೆರೆಯಿರಿ. ಗುರುತಿಲ್ಲದ ಶಬ್ದ ನಮ್ಮನ್ನು ತಡೆದು ನಿಲ್ಲಿಸುತ್ತದೆ, ಅಷ್ಟೆ. ಗುರುತಿನದೆಂದು ನಂಬಿದ ಶಬ್ದವಾದರೋ ಕೈಹಿಡಿದು ಬೇರೆ ದಾರಿಗೇ ಕರೆದುಕೊಂಡು ಹೋಗುತ್ತದೆ. ದಾರಿ ತಪ್ಪಿತೆಂಬುದು ಬಹುದೂರ ನಡೆಯುವ ತನಕ ತಿಳಿಯುವುದೇ ಇಲ್ಲ. ಪರರ ಮಾತಿಗೆ ಅವರು ಕೊಟ್ಟ ಅರ್ಥವನ್ನು ಅವರನ್ನೇ ಕೇಳಿ ತಿಳಿಯುವುದು ಭಾಷಾಭ್ಯಾಸದ ಮೊದಲ ಪಾಠ; ಅದೇ ಸೌಜನ್ಯದ ಮೊದಲ ಪಾಠವೂ ಹೌದು.